ಹೆಣ್ಣು ಕೇಳುವ ಊರಲ್ಲಿ ಹೆಣ್ಣನ್ನೇ ಕೇಳುವುದು

ಜಗಳೂರು ತಾಲ್ಲೂಕಿನ ಬಿಳಿಚೋಡಿನ ಸುತ್ತಮುತ್ತ ‘ಕೇಳಾಕೆ ಬಂದಾರೆ’ ಎಂದರೆ ಸಾಕು, ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಯಾರದೋ ಮನೆಯ ಮುಂದೆ ಕಾರು ನಿಂತಿದೆ, ಹೊಸ್ತಿಲಾಚೆ ಹತ್ತಾರು ಜೊತೆ ಚಪ್ಪಲಿ ಬಿದ್ದಿವೆ, ಪಡಸಾಲೆಯಲ್ಲಿ ಜಮಖಾನೆ ಹಾಸಿದೆ, ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿದೆ. ಆ ಮನೆಗೆ ಹೆಣ್ಣು ಕೇಳಲು ಬಂದಿದ್ದಾರೆ. ಕೇಳುವುದು ಹುಡುಗಿಯ ಅಪ್ಪನನ್ನು, ದೊಡ್ಡಪ್ಪನನ್ನು, ಸೋದರಮಾವನನ್ನು. ಹುಡುಗಿ ಬಾಗಿಲ ಹಿಂದೆ ಕಾಫಿ ಲೋಟದ ತಟ್ಟೆ ಹಿಡಿದು ಕರೆಗಾಗಿ ಕಾಯುತ್ತಿರುತ್ತಾಳೆ.

ಇನ್ನೊಂದು ಕೇಳುವಿಕೆ ಇದೇ ರಸ್ತೆಯಲ್ಲಿ, ಫೆಬ್ರುವರಿ 14ರ ಬೆಳಿಗ್ಗೆ, ಕಾಲೇಜಿಗೆ ಹೋಗುವ ಬಸ್ಸು ಬರುವ ಹೊತ್ತಿಗೆ ನಡೆಯುತ್ತದೆ. ಒಬ್ಬ ಹುಡುಗ ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂದೇ ಒಂದು ಗುಲಾಬಿಯನ್ನು ಬ್ಯಾಗಿನಲ್ಲಿ ಪುಸ್ತಕದ ನಡುವೆ ಮುರಿಯದ ಹಾಗೆ ಇಟ್ಟುಕೊಂಡು ನಿಂತಿರುತ್ತಾನೆ. ಅವನ ಬಾಯಿ ಒಣಗಿರುತ್ತದೆ. ಅವನು ಕೇಳಬೇಕಾದದ್ದು ಹುಡುಗಿಯನ್ನೇ. ಈ ಎರಡು ಕೇಳುವಿಕೆಗಳ ನಡುವೆ ಆಗಿರುವ ಬದಲಾವಣೆ ಎಷ್ಟು ದೊಡ್ಡದು ಎಂದು ನಾವು ಇನ್ನೂ ಸರಿಯಾಗಿ ಎಣಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಪ್ರೇಮಿಗಳ ದಿನ ಬಂದಾಗಲೆಲ್ಲ ಅದು ನಮ್ಮ ಸಂಸ್ಕೃತಿಯೋ ಅಲ್ಲವೋ ಎಂಬ ಜಗಳವೇ ಮುಂದೆ ಬರುತ್ತದೆ. ಕೇಳುವುದು ಹೇಗೆ, ಉತ್ತರವನ್ನು ತೆಗೆದುಕೊಳ್ಳುವುದು ಹೇಗೆ ಎಂದು ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ.

ನನ್ನ ಅಜ್ಜಿಯ ಮದುವೆಯ ಮಾತು ಮುಗಿದದ್ದು ಅವಳು ನೀರಿಗೆ ಹೋಗಿದ್ದಾಗ. ಎತ್ತಿನ ಗಾಡಿಯಲ್ಲಿ ಬಂದ ನಾಲ್ವರು ಹಿರಿಯರು ಕಟ್ಟೆಯ ಮೇಲೆ ಕೂತು ಮಳೆ ಬೆಳೆ ಮಾತಾಡಿ, ಊಟ ಮಾಡಿ, ಎಲೆ ಅಡಿಕೆ ಬದಲಾಯಿಸಿ ಎದ್ದು ಹೋದರು. ಬಾವಿಯ ಹತ್ತಿರ ಓರಗೆಯ ಹುಡುಗಿಯರು ಇವಳನ್ನು ನೋಡಿ ಕಿಸಕ್ಕನೆ ನಕ್ಕರು. ಯಾಕೆಂದು ಕೇಳಿದ್ದಕ್ಕೆ ‘ನಿನ್ನ ಕೊಟ್ರಂತೆ’ ಅಂದರು. ಯಾರಿಗೆ ಎಂದು ತಿಳಿಯಲು ಅವಳು ಕೊಡ ಹೊತ್ತುಕೊಂಡು ಮನೆಯವರೆಗೆ ನಡೆದು ಬರಬೇಕಾಯಿತು. ಇದನ್ನು ಅವಳು ದೂರಾಗಿ ಹೇಳಿದವಳಲ್ಲ. ಎಲ್ಲರದೂ ಹಾಗೇ ಆಗುತ್ತಿತ್ತು.

ಮದುವೆಯ ಸುತ್ತ ನಮ್ಮ ಕಡೆ ಬಳಕೆಯಲ್ಲಿರುವ ಮಾತುಗಳನ್ನೇ ಗಮನಿಸಿ. ಹೆಣ್ಣು ನೋಡುವುದು, ಹೆಣ್ಣು ಕೇಳುವುದು, ಹೆಣ್ಣು ಕೊಡುವುದು, ಹೆಣ್ಣು ತರುವುದು. ನೋಡುವವರು, ಕೇಳುವವರು, ಕೊಡುವವರು, ತರುವವರು ಎಲ್ಲರೂ ಬೇರೆಯವರು. ಹಲವು ಸಮುದಾಯಗಳಲ್ಲಿ ಹಿಂದೆ ತೆರದ ಪದ್ಧತಿ ಇತ್ತು. ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಹಣ ಕಟ್ಟಬೇಕಿತ್ತು. ಆಮೇಲೆ ವರದಕ್ಷಿಣೆ ಬಂದು ಹಣ ಹರಿಯುವ ದಿಕ್ಕೇ ತಿರುಗಿತು. 1961ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂದ ಮೇಲೂ ಹರಿಯುತ್ತಲೇ ಇದೆ. ದಿಕ್ಕು ಯಾವುದಾದರೂ ಮಾತು ನಡೆದದ್ದು ಅದೇ ಜಮಖಾನೆಯ ಮೇಲೆ, ಅದೇ ಗಂಡಸರ ನಡುವೆ. ಕೊನೆಗೆ ಯಾರೋ ಒಬ್ಬ ಹಿರಿಯರು ಒಳಗೆ ತಲೆ ಹಾಕಿ ‘ಏನವ್ವ, ಒಪ್ಪಿಗಿ ಐತಲ್ಲ?’ ಎನ್ನುತ್ತಾರೆ. ಹುಡುಗಿ ತಲೆ ತಗ್ಗಿಸುತ್ತಾಳೆ. ಸುಮ್ಮನಿದ್ದರೆ ಒಪ್ಪಿದ ಹಾಗೆ. ಹೂ ಮುಡಿಸುತ್ತಾರೆ, ಸಂಬಂಧ ಗಟ್ಟಿಯಾಯಿತು.

ಗುಲಾಬಿಯ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಹೂವಿನಿಂದ ಸಂಬಂಧ ಕಟ್ಟುವುದು ನಮಗೆ ಹೊಸದಲ್ಲ. ಮೊದಲು ಹೂವು ನೇರವಾಗಿ ಮುಡಿಗೆ ಏರುತ್ತಿತ್ತು. ಅಷ್ಟು ಹೊತ್ತಿಗೆ ಮಾತೆಲ್ಲ ಮುಗಿದಿರುತ್ತಿತ್ತು. ಈಗ ಅದು ಕೈಗೆ ಬರುತ್ತಿದೆ. ಕೈಗೆ ಬಂದದ್ದನ್ನು ತೆಗೆದುಕೊಳ್ಳಬಹುದು, ತೆಗೆದುಕೊಳ್ಳದೆಯೂ ಇರಬಹುದು.

‘ಬೇಡ’ ಎಂಬ ಉತ್ತರವನ್ನು ತಲೆಬಾಗಿ ಸ್ವೀಕರಿಸುವುದು ನಮ್ಮ ಹಳ್ಳಿಗಳಿಗೆ ಗೊತ್ತೇ ಇಲ್ಲ ಎಂದೇನೂ ಅಲ್ಲ. ಚೆನ್ನಾಗಿ ಗೊತ್ತಿದೆ. ಸಂಬಂಧ ಕೂಡಿಸುವ ಮೊದಲು ಅನೇಕ ಮನೆಗಳವರು ಅಮ್ಮನ ಗುಡಿಗೆ ಹೋಗಿ ಹೂ ಕೇಳುತ್ತಾರೆ. ಪೂಜಾರಿ ದೇವಿಯ ಮೈಮೇಲೆ ಎಡಕ್ಕೂ ಬಲಕ್ಕೂ ಒದ್ದೆ ಹೂವನ್ನು ಅಂಟಿಸುತ್ತಾನೆ. ಮನೆಯ ಯಜಮಾನ ಕೈಮುಗಿದು, ಇಂಥ ಊರಿನ ಇಂಥವರ ಮನೆಯಿಂದ ಹೆಣ್ಣು ತರಬೇಕೆಂದಿದ್ದೇವೆ, ನಿನ್ನ ಅಪ್ಪಣೆ ಏನು ತಾಯಿ ಎಂದು ಗಟ್ಟಿಯಾಗಿ ಕೇಳುತ್ತಾನೆ. ಆಮೇಲೆ ಯಾರೂ ಮಾತಾಡುವುದಿಲ್ಲ. ಎಣ್ಣೆ ದೀಪದ ಬೆಳಕಿನಲ್ಲಿ ಎಲ್ಲರ ಕಣ್ಣೂ ಆ ಹೂವುಗಳ ಮೇಲೆ. ನೀರು ಆರುತ್ತ ಆರುತ್ತ ಒಂದು ಹೂವಿನ ಅಂಚು ಮೆಲ್ಲಗೆ ಬಿಡಿಸಿಕೊಳ್ಳುತ್ತದೆ. ಮಕ್ಕಳು ಚಡಪಡಿಸುತ್ತವೆ, ಯಾರೋ ಕೆಮ್ಮುತ್ತಾರೆ, ಅರ್ಧ ತಾಸಾದರೂ ಆಗಬಹುದು. ಬಲಗಡೆಯದು ಬಿದ್ದರೆ ಪ್ರಸಾದವಾಯಿತು ಎಂದು ಗಂಟೆ ಬಾರಿಸುತ್ತಾರೆ. ಎಡಗಡೆಯದು ಬಿದ್ದರೆ ಯಜಮಾನ ಒಂದು ಕ್ಷಣ ನಿಂತು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಾನೆ. ಹಣವಂತರ ಮನೆಯ ಸಂಬಂಧವಾದರೂ ಸರಿ, ಆ ಮಾತು ಅಲ್ಲಿಗೆ ಮುಗಿಯಿತು. ಯಾಕೆ ಬೇಡ ಎಂದು ಅಮ್ಮನನ್ನು ಯಾರೂ ಕೇಳುವುದಿಲ್ಲ. ಆ ಸಿಟ್ಟಿಗೆ ಗುಡಿಯ ಮುಂದೆ ರಾತ್ರಿ ಬೈಕ್ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುವುದಿಲ್ಲ.

ದೇವಿಯ ಎಡಗಡೆಯ ಹೂವಿಗೆ ಕೊಡುವ ಆ ಮರ್ಯಾದೆಯನ್ನು ಬಸ್ ನಿಲ್ದಾಣದಲ್ಲಿ ನಿಂತ ಹುಡುಗಿಯ ‘ಒಲ್ಲೆ’ಗೂ ಕೊಡಬೇಕು ಎಂಬುದೇ ನನ್ನ ಮಾತು. ಕನ್ನಡ ನಮಗೆ ಇದಕ್ಕಾಗಿ ಒಂದೇ ಕ್ರಿಯಾಪದವನ್ನು ಕೊಟ್ಟಿದೆ. ‘ಕೇಳು’ ಎಂದರೆ ಪ್ರಶ್ನಿಸು, ಬೇಡು. ‘ಕೇಳು’ ಎಂದರೆ ಕಿವಿಗೊಡು. ಕೇಳಿದವನು ಕೇಳಿಸಿಕೊಳ್ಳಲೂಬೇಕು ಎಂಬುದು ಆ ಪದದೊಳಗೇ ಇದೆ.

ಪ್ರೇಮಿಗಳ ದಿನಕ್ಕೆ ಹೆಸರು ಕೊಟ್ಟ ವ್ಯಾಲೆಂಟೈನ್ 3ನೇ ಶತಮಾನದ ರೋಮ್‌ನಲ್ಲಿ ಪ್ರಾಣ ಕಳೆದುಕೊಂಡ ಕ್ರೈಸ್ತ ಸಂತ. ಅವನಿಗೆ ಅಂಟಿಕೊಂಡ ಪ್ರೇಮಕಥೆಗಳೆಲ್ಲ ಆಮೇಲೆ ಹುಟ್ಟಿದವು. ಆ ದಿನವನ್ನು ಪ್ರೀತಿಗೆ ಜೋಡಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು 14ನೇ ಶತಮಾನದ ಇಂಗ್ಲಿಷ್ ಕವಿ ಜೆಫ್ರಿ ಚಾಸರ್. ಅವನ ಒಂದು ಕಾವ್ಯದಲ್ಲಿ ಸಂತ ವ್ಯಾಲೆಂಟೈನ್‌ನ ದಿನ ಹಕ್ಕಿಗಳೆಲ್ಲ ಜೋಡಿ ಆರಿಸಿಕೊಳ್ಳಲು ಪ್ರಕೃತಿದೇವಿಯ ಮುಂದೆ ಸಭೆ ಸೇರುತ್ತವೆ. ಮೂರು ಗಂಡು ಹದ್ದುಗಳು ಒಂದೇ ಹೆಣ್ಣು ಹದ್ದನ್ನು ಬಯಸಿ ಒಂದನ್ನೊಂದು ಮೀರಿಸುವಂತೆ ಮಾತಾಡುತ್ತವೆ. ಮಿಕ್ಕ ಹಕ್ಕಿಗಳು ತಲೆಗೊಂದು ತೀರ್ಪು ಹೇಳಿ ಗದ್ದಲ ಎಬ್ಬಿಸುತ್ತವೆ, ನಮ್ಮ ಪಂಚಾಯಿತಿ ಕಟ್ಟೆಯ ಹಾಗೆಯೇ. ಕೊನೆಗೆ ಪ್ರಕೃತಿದೇವಿ ಆ ಹೆಣ್ಣು ಹದ್ದನ್ನೇ ಕೇಳುತ್ತಾಳೆ. ಅದು ಯಾರನ್ನೂ ಆರಿಸುವುದಿಲ್ಲ. ಯೋಚಿಸಲು ಒಂದು ವರ್ಷ ಸಮಯ ಬೇಡುತ್ತದೆ. ಸಮಯ ಸಿಗುತ್ತದೆ. ಈ ದಿನದ ಮೊದಲನೆಯದೆಂದು ಹೆಸರಾದ ಕಾವ್ಯದಲ್ಲಿ ಮುಖ್ಯ ಹೆಣ್ಣು ಕೊಟ್ಟ ಉತ್ತರ ‘ಇನ್ನೂ ಹೇಳಲಾರೆ’ ಎಂಬುದು.

ನಮ್ಮ ಗೀಜುಗನೂ ಹೀಗೇ ಬಾಳುತ್ತದೆ, ಫೆಬ್ರುವರಿಯಲ್ಲಲ್ಲ, ಮಳೆಗಾಲದಲ್ಲಿ. ಹೊಲದ ಬಾವಿಯ ಮೇಲೆ ಬಾಗಿದ ಜಾಲಿಯ ರೆಂಬೆಗೆ ಗಂಡು ಗೀಜುಗ ಹುಲ್ಲಿನ ಸೀಳು ಕಚ್ಚಿ ತಂದು ಗೂಡು ನೇಯಲು ಶುರುಮಾಡುತ್ತದೆ. ಪೂರ್ತಿ ನೇಯುವುದಿಲ್ಲ. ಬೋರಲು ಹಾಕಿದ ಬುಟ್ಟಿಗೆ ನಡುವೆ ಒಂದು ಅಡ್ಡಪಟ್ಟಿ ಬಿಗಿದ ಹಾಗೆ ಕಾಣುವ ಹಂತಕ್ಕೆ ನಿಲ್ಲಿಸಿ, ರೆಕ್ಕೆ ಬಡಿದು ಕೂಗಿ ಕರೆಯುತ್ತದೆ. ಹೆಣ್ಣು ಬಂದು ಒಳಗೆ ಕೂತು, ನೇಯ್ಗೆಯನ್ನು ಕೊಕ್ಕಿನಿಂದ ಜಗ್ಗಿ, ಜಾಗ ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯಿಡುವ ಕೋಣೆಯನ್ನೂ ಕೆಳಗಿಳಿಯುವ ಕೊಳವೆಯನ್ನೂ ನೇಯ್ದು ಮುಗಿಸುತ್ತದೆ. ಒಪ್ಪದಿದ್ದರೆ ಹೆಣ್ಣು ಹಾರಿ ಹೋಗುತ್ತದೆ. ಯಾರೂ ಒಪ್ಪದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಗಂಡು ಪಕ್ಕದ ರೆಂಬೆಗೆ ಹೋಗಿ ಮೊದಲ ಸೀಳಿನಿಂದ ಮತ್ತೆ ಶುರುಮಾಡುತ್ತದೆ. ಗೀಜುಗನ ಗೂಡುಗಳ ಮರವನ್ನು ಮುಂದಿನ ಸಲ ನೋಡುವಾಗ ಅರ್ಧಕ್ಕೆ ಬಿಟ್ಟವನ್ನು ಎಣಿಸಿ ನೋಡಿ.

ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯದೆಂದು ಹೆಸರಾದ ವ್ಯಾಲೆಂಟೈನ್ ಪತ್ರ 1477ರ ಫೆಬ್ರುವರಿಯದು. ಬರೆಸಿದವಳು ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಮಾರ್ಜರಿ ಬ್ರೂಸ್, ಬರೆಸಿದ್ದು ಜಾನ್ ಪ್ಯಾಸ್ಟನ್ ಎಂಬವನಿಗೆ. ಪತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಹಿನ್ನೆಲೆ ತಿಳಿದರೆ ಜಗಳೂರಿನವರಿಗೆ ಪರಿಚಯದ ಮನೆಯೊಂದಕ್ಕೆ ಹೊಕ್ಕ ಹಾಗಾಗುತ್ತದೆ. ಅಡ್ಡ ನಿಂತದ್ದು ವರದಕ್ಷಿಣೆ. ಹುಡುಗನ ಕಡೆಗೆ ಇನ್ನಷ್ಟು ಬೇಕಿತ್ತು, ಹುಡುಗಿಯ ಅಪ್ಪ ಹೆಚ್ಚು ಕೊಡಲು ತಯಾರಿರಲಿಲ್ಲ. ಅಪ್ಪನ ಮನಸ್ಸು ತಿರುಗಿಸಲು ಅವ್ವ ಹೆಣಗುತ್ತಿದ್ದಳು. ವ್ಯಾಲೆಂಟೈನ್ ದಿನ ಹಕ್ಕಿಗಳು ಜೋಡಿ ಆರಿಸಿಕೊಳ್ಳುತ್ತವೆ ಎಂದು ನೆನಪಿಸಿ ಹುಡುಗನನ್ನು ಮನೆಗೆ ಕರೆದವಳೂ ಅವಳೇ. ಮಾರ್ಜರಿ ಅಪ್ಪನ ಗುಮಾಸ್ತನ ಕೈಯಲ್ಲೇ ಪತ್ರ ಬರೆಸಿ, ನನ್ನನ್ನು ನಿಜವಾಗಿ ಪ್ರೀತಿಸುವುದಾದರೆ ಹಣಕ್ಕಾಗಿ ಬಿಟ್ಟು ಹೋಗಬೇಡ ಎಂಬ ಅರ್ಥದಲ್ಲಿ ಕೇಳಿಕೊಂಡಳು. ಅದೇ ವರ್ಷ ಅವರ ಮದುವೆಯಾಯಿತು. ಐದೂವರೆ ಶತಮಾನದ ಹಿಂದೆ ‘ನನ್ನ ವ್ಯಾಲೆಂಟೈನ್’ ಎಂದು ಕರೆದವಳು ಹೆಣ್ಣು. ನಮ್ಮಲ್ಲಿ ಹುಡುಗಿ ತಾನಾಗಿ ಬಾಯಿಬಿಟ್ಟು ಕೇಳಿದರೆ ಇಂದಿಗೂ ಗಂಡುಬೀರಿ ಎನ್ನುವವರಿದ್ದಾರೆ.

ದೂರದ ನಾರ್ಫೋಕ್ ಯಾಕೆ, ಶಿಕಾರಿಪುರ ಸೀಮೆಯ ಉಡುತಡಿಗೇ ಬನ್ನಿ. 12ನೇ ಶತಮಾನದ ಮಹಾದೇವಿಯನ್ನು ಕಂಡು ಮೋಹಿಸಿದ ಕೌಶಿಕ ರಾಜ ಕೇಳಿಸಿದ್ದು ಅವಳ ತಂದೆತಾಯಿಯನ್ನು, ಬೆದರಿಕೆಯ ಜೊತೆಗೆ. ಹರಿಹರ ತನ್ನ ರಗಳೆಯಲ್ಲಿ ಹೇಳುವ ಪ್ರಕಾರ ಹೆತ್ತವರ ಜೀವಕ್ಕಾಗಿ ಅವಳು ಒಪ್ಪಿದಳು, ಆದರೆ ಷರತ್ತುಗಳನ್ನು ಹಾಕಿ. ರಾಜ ಮೂರು ಸಲ ಮಾತು ತಪ್ಪಿದ. ಅವಳು ಅರಮನೆ ಬಿಟ್ಟು ಹೊರಟಳು. ಅಕ್ಕನನ್ನು ನಾವು ಪೂಜಿಸುತ್ತೇವೆ, ಹೆಣ್ಣುಮಕ್ಕಳಿಗೆ ಅವಳ ಹೆಸರಿಡುತ್ತೇವೆ. ಆದರೆ ಮದುವೆಯ ಮಾತಿನಲ್ಲಿ ಹುಡುಗಿಯೊಬ್ಬಳು ಷರತ್ತು ಹಾಕಿದರೆ ಸಂಬಂಧ ಮುರಿಯುತ್ತೇವೆ.

ಮಾಘ ಮಾಸದ ಭಾರತ ಹುಣ್ಣಿಮೆ ಬಹಳ ವರ್ಷ ಫೆಬ್ರುವರಿಯಲ್ಲೇ ಬೀಳುತ್ತದೆ. 2025ರಲ್ಲಿ ಅದು 12ನೇ ತಾರೀಖಿಗೆ ಬಂತು, ಪ್ರೇಮಿಗಳ ದಿನಕ್ಕೆ ಎರಡೇ ದಿನ ಮೊದಲು. ಇದೇ ಹುಣ್ಣಿಮೆಗೆ ನಮ್ಮ ಸೀಮೆಯ ಉಚ್ಚಂಗಿದುರ್ಗದ ಗುಡ್ಡಕ್ಕೆ ಸಾವಿರಾರು ಜನ ಹತ್ತುತ್ತಾರೆ. ಅಲ್ಲಿ ಬಡವರ, ಬಹುತೇಕ ದಲಿತರ ಮನೆಯ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದುದನ್ನು ಈ ಭಾಗದ ಹಿರಿಯ ಹೆಂಗಸರು ಇನ್ನೂ ದನಿ ತಗ್ಗಿಸಿ ಹೇಳುತ್ತಾರೆ. ಕರ್ನಾಟಕ 1982ರಲ್ಲಿ ಅದನ್ನು ನಿಷೇಧಿಸಿತು. ಆ ಮಕ್ಕಳನ್ನು ಯಾರೂ ಏನೂ ಕೇಳಿರಲಿಲ್ಲ. ಪ್ರೇಮಿಗಳ ದಿನ ನಮ್ಮ ಸಂಪ್ರದಾಯವನ್ನು ಕೆಡಿಸುತ್ತದೆ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಆ ಗುಡ್ಡ.

ಹಾಗೆಂದು ಹೊಸ ರೀತಿಯೆಲ್ಲ ಸರಿಯಾಗಿದೆ ಎನ್ನಲಾರೆ. ಹುಡುಗರ ನಡುವೆ ಓಡಾಡುವ ಮಾತುಗಳನ್ನು ಕೇಳಿ: ಕಾಳು ಹಾಕ್ತಾನೆ, ಬಲೆಗೆ ಬಿದ್ಲು, ಬೀಳಿಸಿದ, ಪಟಾಯಿಸಿದ. ಅಜ್ಜಂದಿರ ಮಾತು ಕೊಡುಕೊಳ್ಳುವ ಸಂತೆಯದು, ಮೊಮ್ಮಕ್ಕಳ ಮಾತು ಹಕ್ಕಿ ಹಿಡಿಯುವ ಬೇಟೆಯದು. ಕೇಳುವುದು ಎರಡರಲ್ಲೂ ಇಲ್ಲ. ಸಿನಿಮಾ ಇದಕ್ಕೆ ನೀರೆರೆದಿದೆ. ಹುಡುಗಿ ಬೇಡವೆಂದಷ್ಟೂ ಹುಡುಗ ಹಿಂದೆ ಬೀಳಬೇಕು, ಕೊನೆಗೆ ಅವಳು ಕರಗುತ್ತಾಳೆ ಎಂಬ ಕಥೆಯನ್ನು ನಾವು ತಲೆಮಾರುಗಟ್ಟಲೆ ಸೀಟಿ ಹೊಡೆದು ನೋಡಿದ್ದೇವೆ. ನಮ್ಮ ಪಕ್ಕದ ಚಿತ್ರದುರ್ಗದಲ್ಲೇ ನಡೆಯುವ ‘ನಾಗರಹಾವು’ ಬೇರೆ ನೋವು ಹೇಳಿತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಚಿತ್ರ. ಚಾಮಯ್ಯ ಮೇಷ್ಟ್ರು ಶಿಷ್ಯ ರಾಮಾಚಾರಿಯ ಹತ್ತಿರ ಬಂದು ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳುತ್ತಾರೆ, ಅವನು ಗುರುವಿಗಾಗಿ ಬಿಟ್ಟುಕೊಡುತ್ತಾನೆ. ಬಾಲ್ಯದಲ್ಲಿ ಆ ತ್ಯಾಗಕ್ಕೆ ಅತ್ತಿದ್ದೆ. ಈಗ ನೋಡುವಾಗ, ಅವರಿಬ್ಬರ ನಡುವಿನ ಆ ಮಾತುಕತೆಯಲ್ಲಿ ಅಲಮೇಲುವಿಗೆ ಜಾಗವೇ ಇಲ್ಲದ್ದು ಎದೆಗೆ ಚುಚ್ಚುತ್ತದೆ. ಮುಂದೆ ಅವಳ ಬದುಕು ನರಕವಾಗುತ್ತದೆ.

ಹುಡುಗಿಯ ಮೌನವನ್ನು ಇಂದಿನ ಹುಡುಗರೂ ಹಿರಿಯರ ಹಾಗೆಯೇ ಒಪ್ಪಿಗೆಯೆಂದು ಓದುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ನೀಲಿ ಗೆರೆ ಮೂಡಿ ಉತ್ತರ ಬಾರದಿದ್ದರೆ ನಾಚಿಕೆ ಎಂದುಕೊಳ್ಳುತ್ತಾರೆ. ಅವಳು ಯಾಕೆ ಸುಮ್ಮನಿದ್ದಾಳೆ ಎಂದು ಯೋಚಿಸಬೇಕು. ಹಳ್ಳಿಯಿಂದ ಬಸ್ಸಿನಲ್ಲಿ ಓದಲು ಬರುವ ಹುಡುಗಿಗೆ ಕಾಲೇಜು ಎಂಬುದು ಪ್ರತಿ ತಿಂಗಳು ಮನೆಯಲ್ಲಿ ಹೊಸದಾಗಿ ಪಡೆಯಬೇಕಾದ ಅಪ್ಪಣೆ. ಯಾರೋ ಒಬ್ಬ ಗುಲಾಬಿ ಕೊಟ್ಟ ಎಂಬ ಸುದ್ದಿ ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಅವಳು ತೆಗೆದುಕೊಂಡಳೋ ಇಲ್ಲವೋ ಎಂದು ವಿಚಾರಿಸುವವರಿಲ್ಲ. ಮೊಬೈಲ್ ಕಸಿದುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, ಬರುವ ಮಳೆಗಾಲದೊಳಗೆ ಯಾರಿಗಾದರೂ ಕೊಟ್ಟುಬಿಡುತ್ತಾರೆ. ಕೇಳಿದವನಿಗೆ ಹೋಗುವುದು ಹೆಚ್ಚೆಂದರೆ ಮಾನ, ಕೇಳಿಸಿಕೊಂಡವಳಿಗೆ ಓದು. ಇಬ್ಬರ ಜಾತಿ ಬೇರೆಯಾದರೆ ಪ್ರಾಣವೂ ಹೋಗಬಹುದು. ಆದ್ದರಿಂದ ನಾಲ್ಕು ಜನರ ಎದುರು ಮೊಣಕಾಲೂರಿ ಕೇಳುವುದನ್ನು ನಾನು ಧೈರ್ಯ ಎನ್ನಲಾರೆ. ಅದು ಅವಳ ಉತ್ತರದ ಮೇಲೆ ನಾಲ್ಕು ಜನರ ಕಣ್ಣು ಹೇರುತ್ತದೆ. ತಪ್ಪಿಸಿಕೊಂಡು ಹೋಗಲು ದಾರಿಯಿರುವ ಕಡೆ, ಸಣ್ಣ ದನಿಯಲ್ಲಿ, ಒಮ್ಮೆ ಕೇಳುವುದು ಸರಿ. ಈಗಲೇ ಹೇಳಬೇಕಿಲ್ಲ, ಹೇಳದಿದ್ದರೂ ನಡೆಯುತ್ತದೆ ಎನ್ನುವ ಮಾತನ್ನೂ ಜೊತೆಗೆ ಸೇರಿಸಬೇಕು.

ಒಲ್ಲೆ ಎಂದ ಮೇಲೆ ಏನು ಎಂಬುದನ್ನು ಕಾನೂನು ಸ್ಪಷ್ಟವಾಗಿ ಬರೆದಿದೆ. ಹೆಣ್ಣು ಆಸಕ್ತಿಯಿಲ್ಲವೆಂದು ತಿಳಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಬೀಳುವುದು, ಮಾತಾಡಿಸಲು ನೋಡುವುದು, ಇಂಟರ್‌ನೆಟ್‌ನಲ್ಲಿ ಅವಳ ಮೇಲೆ ಕಣ್ಣಿಡುವುದು 2013ರಿಂದ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. 18 ತುಂಬದವಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇನ್ನೂ ಬಿಗಿ. ದೈಹಿಕ ಸಂಬಂಧಕ್ಕೆ ಅವಳು ಒಪ್ಪಿದ್ದಳು ಎಂಬ ಮಾತು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೈಸ್ಕೂಲು, ಪಿಯುಸಿ ಹುಡುಗರಿಗೆ ಇದನ್ನು ಮನೆಯಲ್ಲಿ ಕೂರಿಸಿಕೊಂಡು ಹೇಳಬೇಕು.

ಇಬ್ಬರೂ ವಯಸ್ಸಿಗೆ ಬಂದು ಒಪ್ಪಿದ್ದರೆ ಆಗ ಅದೇ ಕಾನೂನು ಅವರ ಬೆನ್ನಿಗೆ ನಿಲ್ಲುತ್ತದೆ. ಬೆಳಗಾವಿ ಜಿಲ್ಲೆಯ ಒಬ್ಬ ಅಧ್ಯಾಪಕಿ ತಾನೇ ಆರಿಸಿಕೊಂಡವನನ್ನು ಮದುವೆಯಾದಾಗ ಅಪ್ಪ ಪೊಲೀಸರಿಗೆ ದೂರು ಕೊಟ್ಟರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಸಮುದಾಯದ, ಕುಲದ ಒಪ್ಪಿಗೆ ಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು. ತೀರ್ಪಿನ ತಾರೀಖು 2021ರ ಫೆಬ್ರುವರಿ 8. ಅದಕ್ಕೆ ಹನ್ನೆರಡು ವರ್ಷ ಹಿಂದೆ, 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಹೊಡೆದು ಅಟ್ಟಿದ ಮೇಲೆ, ಫೆಬ್ರುವರಿ 14ರಂದು ಜೋಡಿಯಾಗಿ ಸಿಕ್ಕವರಿಗೆ ಮದುವೆ ಮಾಡಿಸುತ್ತೇವೆ ಎಂದು ಶ್ರೀರಾಮಸೇನೆಯ ಮುತಾಲಿಕರು ಸಾರಿದ್ದರು. ಸಂಸ್ಕೃತಿಯನ್ನು ಉಳಿಸುವ ಆ ದಾರಿಯಲ್ಲೂ ಹುಡುಗಿಯನ್ನು ಕೇಳುವ ಮಾತಿರಲಿಲ್ಲ.

ಹೋದ ಸಲ ಊರಿಗೆ ಹೋದಾಗ ಅಣ್ಣನ ಮಗಳು ಫೋನಿನಲ್ಲಿ ಯಾವುದೋ ಪ್ರಪೋಸ್ ವಿಡಿಯೊ ನೋಡುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಕಣ್ಣು ಮಂಜಾಗಿದೆ, ಬೆರಳು ಮಾತ್ರ ತಪ್ಪುವುದಿಲ್ಲ. ಒತ್ತಿದರೆ ಚಿಟ್ಟೆಂದು ಸಿಪ್ಪೆ ಒಡೆಯುತ್ತದೆ, ಕಾಳು ಮೊರಕ್ಕೆ, ಸಿಪ್ಪೆ ಉಡಿಗೆ. ಆ ಹುಡುಗ ಅವಳನ್ನ ಏನು ಕೇಳ್ತಾನೆ ಅಂದಳು. ಅವನನ್ನ ಒಪ್ತಾಳಾ ಅಂತ ಕೇಳ್ತಾನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನಗೆ ಆ ಬಾವಿ ನೆನಪಾಯಿತು. ಅಜ್ಜ ಹೋಗಿ ಹದಿನೈದು ವರ್ಷದ ಮೇಲಾಗಿದೆ. ಆವತ್ತು ಆ ನಾಲ್ವರು ಕಟ್ಟೆಯ ಮೇಲಿನಿಂದ ಎದ್ದು ಬಂದು ನಿನ್ನನ್ನೇ ಕೇಳಿದ್ದರೆ ಏನು ಹೇಳುತ್ತಿದ್ದೆ ಅಜ್ಜಿ ಎಂದು ಕೇಳಿದೆ.

‘ಒಪ್ತಿದ್ದೆ ಕಣವ್ವ, ಒಳ್ಳೇ ಮನುಷ್ಯ ಇದ್ದ’ ಅಂದಳು. ಇನ್ನೆರಡು ಕಾಯಿ ಸುಲಿದಳು.

‘ಆದ್ರೆ ಆವತ್ತೇ ಹೇಳ್ತಿರ್ಲಿಲ್ಲ. ಶೇಂಗಾ ಕೀಳೋದು ಮುಗೀಲಿ, ಆಮೇಲೆ ಹೇಳ್ತೀನಿ ಅಂತಿದ್ದೆ.’